ದುಡಿಯುವ ಕಸುವು: ಮೈಯಿಂದ ಕೆಲಸದ ಕಡೆಗೆ ಹೊರಳಿದ ಸಂಶೋಧನೆ

1980ರ ಸುಮಾರಿಗೆ ಫಿನ್ಲೆಂಡ್‌ನ ಪುರಸಭೆ ನೌಕರರ ಪಿಂಚಣಿ ಸಂಸ್ಥೆಗೆ ಒಂದು ತೀರ್ಮಾನ ಬೇಕಾಗಿತ್ತು. ಆಸ್ಪತ್ರೆಯ ನರ್ಸು, ಶಾಲೆಯ ಮೇಷ್ಟರು, ಅಗ್ನಿಶಾಮಕ ದಳದವರು, ಕಟ್ಟಡ ಗುಡಿಸುವವರು, ಕಚೇರಿಯ ಗುಮಾಸ್ತರು, ಇವರೆಲ್ಲರ ನಿವೃತ್ತಿ ವಯಸ್ಸು ಎಷ್ಟಿರಬೇಕು? ಆಗ ಅಲ್ಲಿ ಕೆಲಸಕ್ಕೊಂದು ನಿವೃತ್ತಿ ವಯಸ್ಸಿತ್ತು: ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ. ಈ ಅಂತರಕ್ಕೆ ಆಧಾರವೇನು ಎಂದು ಕೇಳಿದರೆ ಯಾರಲ್ಲೂ ಉತ್ತರವಿರಲಿಲ್ಲ. ಅದನ್ನು ಹುಡುಕುವ ಹೊಣೆ ಹೆಲ್ಸಿಂಕಿಯ ಫಿನ್ನಿಷ್ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪಾಲಿಗೆ ಬಂತು. ಯುಹಾನಿ ಇಲ್ಮರಿನೆನ್ ಮತ್ತು ಅವರ ಸಂಗಡಿಗರು 1981ರಲ್ಲಿ 6,257 ನೌಕರರ ಅಧ್ಯಯನ ಆರಂಭಿಸಿದರು. ಎಲ್ಲರೂ 44ರಿಂದ 58ರ ವಯೋಮಾನದವರು.

ಪಿಂಚಣಿ ಸಂಸ್ಥೆ ಕೇಳಿದ್ದು ವಯಸ್ಸಿನ ಪ್ರಶ್ನೆಯನ್ನು. ಆದರೆ ನೌಕರರ ಬೆನ್ನು ಹತ್ತಿ ವರ್ಷಗಳು ಉರುಳಿದಂತೆ ಸಂಶೋಧಕರಿಗೆ ಕಂಡದ್ದು ಕೆಲಸದ ಸ್ವರೂಪ, ಮೇಲಧಿಕಾರಿಯ ನಡವಳಿಕೆ, ದುಡಿಮೆಗೆ ಸಿಗುವ ಮನ್ನಣೆ. ಜನ ಬಹುಕಾಲ ದುಡಿಯುವಂತಾಗಲು ಏನು ಬೇಕು ಎಂಬ ಸಂಶೋಧನೆಯ ಇತಿಹಾಸವೆಲ್ಲ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ಸಾಗಿದೆ. ಮನುಷ್ಯನ ಮೈಯನ್ನು ಅಳೆಯಲು ಹೊರಟವರು ಮತ್ತೆ ಮತ್ತೆ ಅವನ ಕೆಲಸದ ಬಾಗಿಲಿಗೇ ಬಂದು ನಿಂತಿದ್ದಾರೆ.

ದಣಿವಿನಿಂದ ವಯಸ್ಸಿಗೆ

ಕಸುಬು ಮೈಯನ್ನು ಸವೆಸುತ್ತದೆ ಎಂಬುದು ದುಡಿಯುವವರಿಗೆ ಯಾವತ್ತೂ ಗೊತ್ತಿದ್ದ ಮಾತು. ಅದನ್ನು ಕಸುಬು ಕಸುಬಾಗಿ ಬರೆದಿಟ್ಟವರು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ. 1700ರಲ್ಲಿ ಬಂದ ಅವರ ಪುಸ್ತಕದಲ್ಲಿ ಗಣಿಯವರು, ಕುಂಬಾರರು, ಅಗಸಗಿತ್ತಿಯರು, ಬರಹಗಾರರ ರೋಗಗಳು ಒಂದೊಂದಾಗಿ ದಾಖಲಾಗಿವೆ. ರೋಗಿಗೆ ನಿನ್ನ ಕಸುಬು ಯಾವುದು ಎಂದು ಕೇಳುವುದನ್ನು ವೈದ್ಯರಿಗೆ ಕಲಿಸಿದವರು ಅವರೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಟ್ಯೂರಿನ್‌ನ ಆಂಜೆಲೊ ಮೊಸೊ ಬೆರಳಿನ ಸ್ನಾಯು ಎಷ್ಟು ಎಳೆದರೆ ಎಷ್ಟು ದಣಿಯುತ್ತದೆ ಎಂದು ಅಳೆಯುವ ಉಪಕರಣ ಮಾಡಿ, ದಣಿವನ್ನು ಪ್ರಯೋಗಾಲಯಕ್ಕೆ ತಂದರು.

ಮೊದಲ ಮಹಾಯುದ್ಧ ಈ ಕುತೂಹಲವನ್ನು ಸರ್ಕಾರದ ಗರಜಾಗಿ ಮಾಡಿತು. ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹಗಲಿರುಳು ದುಡಿಸಿದರೂ ಉತ್ಪಾದನೆ ನಿರೀಕ್ಷೆಯಂತೆ ಏರಲಿಲ್ಲ. 1915ರಲ್ಲಿ ನೇಮಕವಾದ ಸಮಿತಿಗಾಗಿ ಎಚ್. ಎಂ. ವರ್ನನ್ ಮಾಡಿದ ಲೆಕ್ಕ ಮಾಲೀಕರಿಗೆ ನುಂಗಲಾರದ ತುತ್ತಾಯಿತು: ವಾರದ ದುಡಿಮೆಯ ತಾಸು ಇಳಿಸಿದಾಗ ತಯಾರಾದ ಸರಕು ಹೆಚ್ಚಾಗಿತ್ತು. ಆಗಲೇ ಒಂದು ಪಾಠ ಸಿಕ್ಕಿತ್ತು. ದಣಿವು ಸ್ನಾಯುವಿನಲ್ಲಿ ಕಾಣಿಸಿಕೊಂಡರೂ ಅದರ ಮೂಲ ಪಾಳಿಯ ಪಟ್ಟಿಯಲ್ಲಿತ್ತು.

ಎರಡನೇ ಮಹಾಯುದ್ಧದ ನಂತರ ಗಮನ ವಯಸ್ಸಿನತ್ತ ತಿರುಗಿತು. ಕೇಂಬ್ರಿಜ್‌ನಲ್ಲಿ 1946ರಲ್ಲಿ ಶುರುವಾದ ಸಂಶೋಧನಾ ಘಟಕವೊಂದರಲ್ಲಿ ಅಲನ್ ವೆಲ್ಫರ್ಡ್ ತಂಡ ವಯಸ್ಸಾದಂತೆ ಕೌಶಲ ಏನಾಗುತ್ತದೆ ಎಂದು ನೋಡಿತು. ಪ್ರತಿಕ್ರಿಯೆಯ ವೇಗ ಕುಗ್ಗುವುದು ನಿಜವೆಂದು ಗೊತ್ತಾಯಿತು. ಆದರೆ ವೇಗ ಕುಗ್ಗಿದ ಮಾತ್ರಕ್ಕೆ ಕೆಲಸ ಕೆಡಬೇಕಾಗಿಲ್ಲ ಎಂಬುದನ್ನು ಅಚ್ಚುಕಟ್ಟಾಗಿ ತೋರಿಸಿದ್ದು 1984ರಲ್ಲಿ ಅಮೆರಿಕದ ತಿಮೊಥಿ ಸಾಲ್ಟ್‌ಹೌಸ್ ಟೈಪಿಸ್ಟರ ಮೇಲೆ ನಡೆಸಿದ ಅಧ್ಯಯನ. ವಯಸ್ಸಾದ ಟೈಪಿಸ್ಟರ ಬೆರಳು ನಿಧಾನವಾಗಿತ್ತು, ಆದರೂ ಅವರು ಕಿರಿಯರಷ್ಟೇ ಬೇಗ ಟೈಪ್ ಮಾಡುತ್ತಿದ್ದರು. ಕಣ್ಣನ್ನು ಕೈಗಿಂತ ಇನ್ನಷ್ಟು ಅಕ್ಷರ ಮುಂದೆ ಓಡಿಸಿ ಬೆರಳಿನ ನಿಧಾನವನ್ನು ತುಂಬಿಕೊಳ್ಳುತ್ತಿದ್ದರು. ಮುಂದಿನ ಸಾಲು ಕಣ್ಣಿಗೆ ಬೀಳದಂತೆ ಮರೆಮಾಡಿದಾಗ ಈ ಅನುಕೂಲ ಹೋಗಿಬಿಡುತ್ತಿತ್ತು. ಅನುಭವ ಕೈಹಿಡಿಯಬೇಕಾದರೆ ಕೆಲಸವೂ ಅದಕ್ಕೆ ಎಡೆಕೊಡಬೇಕು.

ಏಳು ಪ್ರಶ್ನೆಗಳ ಸೂಚ್ಯಂಕ

ಫಿನ್ಲೆಂಡ್‌ನ ಅಧ್ಯಯನ ದೊಡ್ಡದಾದದ್ದು ಅದು ಕೈಗೆತ್ತಿಕೊಂಡ ಸರಳ ಸಲಕರಣೆಯಿಂದ. ಕೆಲಸದ ಸಾಮರ್ಥ್ಯ ಸೂಚ್ಯಂಕ ಎಂಬ ಈ ಪಟ್ಟಿಯಲ್ಲಿ ಏಳು ಅಂಶಗಳಿವೆ. ನಿಮ್ಮ ಜೀವನದ ಅತ್ಯುತ್ತಮ ಕಾಲಕ್ಕೆ ಹತ್ತು ಅಂಕ ಕೊಟ್ಟರೆ ಈಗಿನ ಶಕ್ತಿಗೆ ಎಷ್ಟು? ಕೆಲಸ ಬೇಡುವ ಮೈಶ್ರಮ, ಮನಸ್ಸಿನ ಶ್ರಮಕ್ಕೆ ಈ ಶಕ್ತಿ ಸಾಕೇ? ವೈದ್ಯರು ಗುರುತಿಸಿದ ಎಷ್ಟು ಕಾಯಿಲೆಗಳಿವೆ? ಅವು ಕೆಲಸಕ್ಕೆ ಎಷ್ಟು ಅಡ್ಡಿ? ಕಳೆದ ವರ್ಷ ಅನಾರೋಗ್ಯದಿಂದ ಎಷ್ಟು ದಿನ ರಜೆ ಹಾಕಿದಿರಿ? ಎರಡು ವರ್ಷದ ನಂತರವೂ ಇದೇ ಕೆಲಸ ಮಾಡಬಲ್ಲಿರಾ? ಮನಸ್ಸಿನ ಉತ್ಸಾಹ ಹೇಗಿದೆ? ಒಟ್ಟು ಅಂಕ 7ರಿಂದ 49. 27ರವರೆಗೆ ಬಂದರೆ ದುರ್ಬಲ, 44 ಮತ್ತು ಮೇಲೆ ಬಂದರೆ ಅತ್ಯುತ್ತಮ.

ಇಂಥ ಸ್ವಂತ ಅಂದಾಜನ್ನು ನಂಬಬಹುದೇ ಎಂಬ ಅನುಮಾನ ಹುಟ್ಟುವುದು ಸಹಜ. ಅದಕ್ಕೆ ಕಾಲವೇ ಉತ್ತರ ಕೊಟ್ಟಿತು. 1981ರಲ್ಲಿ ದುರ್ಬಲ ಎಂದು ಅಂಕ ಬಂದವರಲ್ಲಿ ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಜನ ಅಶಕ್ತರೆಂದು ಪಿಂಚಣಿ ಪಡೆದು ಮನೆ ಸೇರಿದ್ದರು. 28 ವರ್ಷಗಳ ಮಾಹಿತಿಯನ್ನು ಆಧರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಇನ್ನೂ ಮುಂದೆ ಹೋಯಿತು: ನಡುವಯಸ್ಸಿನಲ್ಲಿ ಕೆಲಸದ ಶಕ್ತಿ ಕುಗ್ಗಿದವರು ಇಳಿವಯಸ್ಸಿನಲ್ಲಿ ನಿತ್ಯದ ಕೆಲಸಗಳಿಗೂ ಹೆಚ್ಚು ಕಷ್ಟಪಡುತ್ತಿದ್ದರು, ಅವರಲ್ಲಿ ಸಾವೂ ಹೆಚ್ಚಿತ್ತು. ನಿವೃತ್ತಿಯ ನಂತರದ ಬದುಕಿನ ಗುಣಮಟ್ಟ ಬಹುಮಟ್ಟಿಗೆ ಐವತ್ತರ ಆಸುಪಾಸಿನ ದುಡಿಮೆಯಲ್ಲೇ ತೀರ್ಮಾನವಾಗುತ್ತಿತ್ತು.

ಈ ಅಧ್ಯಯನದ ಹೆಚ್ಚು ಬೆಲೆಬಾಳುವ ಫಲ ಬೇರೆಡೆ ಇದೆ. ವಯಸ್ಸಾದಂತೆ ಎಲ್ಲರ ಶಕ್ತಿಯೂ ಕುಗ್ಗಲಿಲ್ಲ. ಸುಮಾರು 60 ಪ್ರತಿಶತ ಜನರದು ಇದ್ದಂತೆಯೇ ಉಳಿಯಿತು, 30 ಪ್ರತಿಶತ ಜನರದು ತೀವ್ರವಾಗಿ ಇಳಿಯಿತು, 10 ಪ್ರತಿಶತ ಜನರದು ಸುಧಾರಿಸಿತು. ಸುಧಾರಿಸಿದವರಲ್ಲಿ ಏನು ಬದಲಾಗಿತ್ತು ಎಂದು ಕೈಯಾ ತುವೊಮಿ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದರು. ಬಿರುಸಿನ ವ್ಯಾಯಾಮ ಹೆಚ್ಚಿಸಿಕೊಂಡವರಲ್ಲಿ ಸುಧಾರಣೆಯ ಸಾಧ್ಯತೆ 1.8 ಪಟ್ಟು ಹೆಚ್ಚು. ಒಂದೇ ಬಗೆಯ ಚಲನೆಯನ್ನು ಪದೇ ಪದೇ ಮಾಡುವ ಕೆಲಸ ತಗ್ಗಿದವರಲ್ಲಿ 2.1 ಪಟ್ಟು. ಮೇಲ್ವಿಚಾರಕರ ನಡವಳಿಕೆಯ ಬಗ್ಗೆ ತೃಪ್ತಿ ಹೆಚ್ಚಿದವರಲ್ಲಿ 3.6 ಪಟ್ಟು. ಕೆಲಸಕ್ಕೆ ಸಿಗುತ್ತಿದ್ದ ಮನ್ನಣೆ ಕಡಿಮೆಯಾದವರಲ್ಲಿ ಶಕ್ತಿ ಕುಗ್ಗುವ ಸಾಧ್ಯತೆ ಏರಿತ್ತು. ಬೆಳಗಿನ ಓಟಕ್ಕಿಂತ ಸೂಪರ್‌ವೈಸರನ ಮಾತು ಹೆಚ್ಚು ತೂಗಿತು.

ಈ ಫಲಿತಾಂಶ ಹೊರಬೀಳುವ ಮೊದಲೇ ಫಿನ್ಲೆಂಡ್‌ನ ಕಾರ್ಮಿಕ ಸಂಘಟನೆಗಳೂ ಮಾಲೀಕರ ಸಂಘಟನೆಗಳೂ 1990ರ ಆಸುಪಾಸಿನ ಒಪ್ಪಂದಗಳಲ್ಲಿ ಕೆಲಸದ ಶಕ್ತಿಯನ್ನು ಕಾಪಾಡುವ ಕಾರ್ಯಕ್ರಮಕ್ಕೆ ಸಹಿ ಹಾಕಿದ್ದವು. 1998ರಿಂದ 2002ರವರೆಗೆ ಹಿರಿಯ ಕೆಲಸಗಾರರಿಗಾಗಿ ರಾಷ್ಟ್ರೀಯ ಯೋಜನೆಯೊಂದು ನಡೆಯಿತು. 2005ರ ಪಿಂಚಣಿ ಸುಧಾರಣೆ 63ರಿಂದ 68ರ ನಡುವೆ ಯಾವಾಗ ಬೇಕಾದರೂ ನಿವೃತ್ತಿಯಾಗಲು ಅವಕಾಶ ಕೊಟ್ಟಿತು. ಸಂಶೋಧನೆ ಮತ್ತು ಕಾನೂನು ಇಷ್ಟು ಹತ್ತಿರದಲ್ಲಿ ನಡೆದ ದೇಶಗಳು ವಿರಳ.

ಕೆಲಸದ ಕಟ್ಟಣೆ

ಮೇಲ್ವಿಚಾರಕನ ನಡವಳಿಕೆ ಮೈಗೆ ಹೇಗೆ ತಟ್ಟುತ್ತದೆ? ಇದಕ್ಕೆ ಉತ್ತರ ಇನ್ನೊಂದು ಪರಂಪರೆಯಲ್ಲಿ ಸಿದ್ಧವಾಗುತ್ತಿತ್ತು. 1979ರಲ್ಲಿ ರಾಬರ್ಟ್ ಕರಾಸೆಕ್ ಅಮೆರಿಕ ಮತ್ತು ಸ್ವೀಡನ್ನಿನ ಮಾಹಿತಿ ಇಟ್ಟುಕೊಂಡು, ಕೆಲಸದ ಒತ್ತಡ ಒಂದೇ ಮನುಷ್ಯನನ್ನು ಕೆಡಿಸುವುದಿಲ್ಲ ಎಂದರು. ಒತ್ತಡ ಹೆಚ್ಚಿದ್ದು, ಕೆಲಸವನ್ನು ಹೇಗೆ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿ ಇಲ್ಲದಿದ್ದಾಗ ಅಪಾಯ. 1996ರಲ್ಲಿ ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ ಇನ್ನೊಂದು ಬಗೆಯಲ್ಲಿ ಹೇಳಿದರು: ಸುರಿಸಿದ ಬೆವರಿಗೂ ಸಿಕ್ಕ ಹಣ, ಗೌರವ, ಭದ್ರತೆಗೂ ತಾಳೆಯಾಗದಿದ್ದರೆ ಆರೋಗ್ಯ ಹಾಳಾಗುತ್ತದೆ. ಲಂಡನ್ನಿನ ವೈಟ್‌ಹಾಲ್ ಕಚೇರಿಗಳ 10,308 ಸರ್ಕಾರಿ ನೌಕರರನ್ನು 1985ರಿಂದ ಅಧ್ಯಯನ ಮಾಡುತ್ತ ಬಂದ ಮೈಕೆಲ್ ಮಾರ್ಮಟ್ ತಂಡಕ್ಕೂ ಕೆಲಸದ ಮೇಲೆ ಹಿಡಿತವಿಲ್ಲದ ಕೆಳಹಂತದ ನೌಕರರಲ್ಲಿ ಹೃದ್ರೋಗ ಹೆಚ್ಚೆಂದು ಕಂಡಿತು. ಅವರದು ಕುರ್ಚಿಯ ಕೆಲಸ. ಭಾರ ಎತ್ತುವುದಾಗಲಿ ಧೂಳು ಕುಡಿಯುವುದಾಗಲಿ ಇರಲಿಲ್ಲ.

ಉದ್ಯೋಗ ಕಡಿತ ಉಳಿದವರನ್ನು ಹೇಗೆ ಕಾಡುತ್ತದೆ ಎಂಬ ಅಧ್ಯಯನವೂ ಫಿನ್ಲೆಂಡಿನದೇ. 1990ರ ದಶಕದ ಆರಂಭದಲ್ಲಿ ಆ ದೇಶ ಕಡು ಆರ್ಥಿಕ ಹಿಂಜರಿತಕ್ಕೆ ಸಿಕ್ಕಿ, ಪುರಸಭೆಗಳು ನೌಕರರ ಸಂಖ್ಯೆ ಇಳಿಸಿದವು. ಹತ್ತು ಪಟ್ಟಣಗಳಲ್ಲಿ ಕೆಲಸ ಉಳಿಸಿಕೊಂಡ 22,430 ನೌಕರರನ್ನು ಯುಸ್ಸಿ ವಾಹ್ತೆರಾ, ಮಿಕಾ ಕಿವಿಮಾಕಿ ಮತ್ತಿತರರು ಗಮನಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಭಾರಿ ಕಡಿತ ನಡೆದ ಕಡೆ ಉಳಿದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವು ಎರಡು ಪಟ್ಟು. ಕಾಯಂ ನೌಕರರ ಅನಾರೋಗ್ಯ ರಜೆ ಏರಿತು, ತಾತ್ಕಾಲಿಕ ನೌಕರರದು ಏರಲಿಲ್ಲ. ತಾತ್ಕಾಲಿಕದವರ ಆರೋಗ್ಯ ಚೆನ್ನಾಗಿತ್ತು ಎಂದು ಇದನ್ನು ಓದಿಕೊಳ್ಳುವುದು ಕಷ್ಟ. ಕೆಲಸ ಹೋಗುವ ಭಯವಿದ್ದವನು ಜ್ವರದಲ್ಲೂ ಹಾಜರಿ ಹಾಕುತ್ತಾನೆ.

ಮರಳಿ ಕೆಲಸಕ್ಕೆ

ಒಮ್ಮೆ ಕಾಯಿಲೆ ಬಿದ್ದವರನ್ನು ಮತ್ತೆ ಕೆಲಸಕ್ಕೆ ತರುವುದು ಹೇಗೆ ಎಂಬುದು ಮೂರನೇ ಧಾರೆ. ಹಳೆಯ ನಂಬಿಕೆ ಸರಳ: ಮೊದಲು ಪೂರ್ತಿ ಗುಣವಾಗಲಿ, ಆಮೇಲೆ ಕೆಲಸ. ಬೆನ್ನುನೋವಿನ ಸಂಶೋಧನೆ ಈ ಕ್ರಮವನ್ನೇ ತಿರುವು ಮುರುವು ಮಾಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಪ್ಯಾಟ್ರಿಕ್ ಲ್ವಾಜೆಲ್ ತಂಡ ಒಂದು ಗುಂಪಿಗೆ ಚಿಕಿತ್ಸೆಯ ಜೊತೆಗೆ ಕೆಲಸದ ಜಾಗವನ್ನೂ ಸರಿಪಡಿಸಿತು. ಕೆಲಸಗಾರ, ಮೇಲ್ವಿಚಾರಕ, ತಜ್ಞರು ಒಟ್ಟಿಗೆ ಕೂತು ಯಾವ ಚಲನೆ ನೋಯಿಸುತ್ತದೆ, ಏನನ್ನು ಬದಲಾಯಿಸಬಹುದು ಎಂದು ನಿರ್ಧರಿಸಿದರು. 1997ರ ವರದಿಯಂತೆ ಈ ಗುಂಪಿನವರು ಮಾಮೂಲು ಚಿಕಿತ್ಸೆ ಪಡೆದವರಿಗಿಂತ 2.4 ಪಟ್ಟು ಬೇಗ ಕೆಲಸಕ್ಕೆ ಮರಳಿದರು. ನೆದರ್ಲೆಂಡ್ಸಿನಲ್ಲಿ ದೀರ್ಘಕಾಲದ ಬೆನ್ನುನೋವಿನವರ ಮೇಲೆ ಇದೇ ಮಾದರಿ ಪ್ರಯೋಗಿಸಿದಾಗ, 2010ರ ವರದಿಯಂತೆ, ಕೆಲಸಕ್ಕೆ ಸ್ಥಿರವಾಗಿ ಮರಳಲು ಬೇಕಾದದ್ದು 88 ದಿನ. ಮಾಮೂಲು ಆರೈಕೆಯಲ್ಲಿ ಅದು 208 ದಿನ.

ಫಿನ್ಲೆಂಡ್‌ನಲ್ಲಿ ಸ್ನಾಯು, ಮೂಳೆ ನೋವಿನವರಿಗೆ ಪೂರ್ಣ ರಜೆಯ ಬದಲು ಅರ್ಧ ಹೊತ್ತಿನ ಕೆಲಸ, ಅರ್ಧ ಹೊತ್ತಿನ ರಜೆ ಕೊಟ್ಟು ನೋಡಿದ ಪ್ರಯೋಗವೂ ಇದೇ ಕಡೆಗೆ ಬೊಟ್ಟುಮಾಡಿತು. ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಈ ತಿರುಗುಮುರುಗು ಇನ್ನೂ ದಿಟ್ಟವಾಗಿತ್ತು. ತೀವ್ರ ಮನೋರೋಗವಿದ್ದವರಿಗೆ ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಉದ್ಯೋಗ ಹುಡುಕುವ ಪದ್ಧತಿಯನ್ನು ಬಿಟ್ಟು, ಅಮೆರಿಕದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಮೊದಲು ನಿಜವಾದ ಉದ್ಯೋಗ, ಅಲ್ಲಿಯೇ ಬೆಂಬಲ ಎಂಬ ದಾರಿ ಹಿಡಿದರು. ಯೂರೋಪಿನ ಆರು ಊರುಗಳಲ್ಲಿ 312 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ದಾರಿಯಲ್ಲಿ ಹೋದವರ ಪೈಕಿ 55 ಪ್ರತಿಶತ ಜನ ಉದ್ಯೋಗ ಹಿಡಿದರು, ಹಳೆಯ ದಾರಿಯವರಲ್ಲಿ 28 ಪ್ರತಿಶತ.

ಕ್ಯಾನ್ಸರಿನಿಂದ ಪಾರಾಗಿ ಬಂದವರ ದುಡಿಮೆ ಈ ಧಾರೆಯ ಹೊಸ ಕವಲು. 2009ರಲ್ಲಿ ಆಂಜೆಲಾ ಡಿ ಬೂರ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕ್ಯಾನ್ಸರ್ ಗೆದ್ದವರಲ್ಲಿ 33.8 ಪ್ರತಿಶತ ಜನ ಉದ್ಯೋಗವಿಲ್ಲದೆ ಇದ್ದರು, ಕ್ಯಾನ್ಸರ್ ಇಲ್ಲದವರಲ್ಲಿ 15.2 ಪ್ರತಿಶತ. ಚಿಕಿತ್ಸೆ ಸುಧಾರಿಸಿ ಬದುಕುಳಿಯುವವರು ಹೆಚ್ಚಿದಂತೆ ಸಕ್ಕರೆ ಕಾಯಿಲೆ, ಹೃದ್ರೋಗ, ಖಿನ್ನತೆಯನ್ನು ಜೊತೆಗಿಟ್ಟುಕೊಂಡೇ ದುಡಿಯುವವರ ಸಂಖ್ಯೆಯೂ ಹೆಚ್ಚುತ್ತದೆ. ಕಾಯಿಲೆ ಇಲ್ಲದಿರುವುದೇ ದುಡಿಯುವ ಶಕ್ತಿ ಎಂಬ ಹಳೆಯ ಸಮೀಕರಣ ಇಲ್ಲಿ ಕುಸಿಯುತ್ತದೆ.

ಸೂಚ್ಯಂಕದ ಮೇಲಿನ ತಕರಾರು

ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋದ ಫಿನ್ನಿಷ್ ಸೂಚ್ಯಂಕದ ಮೇಲೆ ತಕರಾರುಗಳೂ ಬೆಳೆದವು. ಏಳು ಅಂಶಗಳಲ್ಲಿ ಮೂರು ಕಾಯಿಲೆ ಮತ್ತು ರಜೆಗೇ ಸಂಬಂಧಿಸಿದವು, ಹಾಗಾಗಿ ಇದು ಆರೋಗ್ಯವನ್ನೇ ಇನ್ನೊಂದು ಹೆಸರಿನಲ್ಲಿ ಅಳೆಯುತ್ತದೆ ಎಂಬುದು ಒಂದು. ಕಾರಣವನ್ನೂ ಪರಿಣಾಮವನ್ನೂ ಒಂದೇ ಮೊತ್ತದಲ್ಲಿ ಕೂಡಿಸುತ್ತದೆ ಎಂಬುದು ಇನ್ನೊಂದು. 2010ರಲ್ಲಿ ಸ್ವೀಡನ್ನಿನಲ್ಲಿ ದೀರ್ಘ ಅನಾರೋಗ್ಯ ರಜೆಯಲ್ಲಿದ್ದ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂಬ ಮೊದಲ ಪ್ರಶ್ನೆಯೊಂದೇ ಇಡೀ ಪಟ್ಟಿಯಷ್ಟು ಮಾತಾಡಬಲ್ಲುದು ಎಂದು ಕಂಡುಬಂತು.

ಇಲ್ಮರಿನೆನ್ ಬಳಗವೂ ಸುಮ್ಮನೆ ಕೂರಲಿಲ್ಲ. 2000ದ ಆರೋಗ್ಯ ಸಮೀಕ್ಷೆಯ ಬಲದಿಂದ ಅವರು ಕೆಲಸದ ಶಕ್ತಿಯನ್ನು ನಾಲ್ಕು ಅಂತಸ್ತಿನ ಮನೆಯಾಗಿ ಚಿತ್ರಿಸಿದರು. ತಳದಲ್ಲಿ ಆರೋಗ್ಯ, ಅದರ ಮೇಲೆ ತಿಳಿವಳಿಕೆ ಮತ್ತು ಕೌಶಲ, ಮೂರನೆಯದರಲ್ಲಿ ಮೌಲ್ಯ ಮತ್ತು ಹುಮ್ಮಸ್ಸು, ನಾಲ್ಕನೆಯದರಲ್ಲಿ ಕೆಲಸ ಮತ್ತು ನಾಯಕತ್ವ. ಸುತ್ತ ಮನೆಮಂದಿ, ಸಮಾಜ. ಕೆಳಗಿನ ಮೂರು ಅಂತಸ್ತು ಕೆಲಸಗಾರನವು. ನಾಲ್ಕನೆಯದು ಮಾಲೀಕನದು, ಅದೇ ಅತಿ ಭಾರದ್ದು. ಅದು ಅಂಕೆಮೀರಿ ಬೆಳೆದರೆ ಕೆಳಗಿನವು ತಡೆಯಲಾರವು.

ನೆದರ್ಲೆಂಡ್ಸಿನಲ್ಲಿ ಇನ್ನೊಂದು ತಿರುವು ಬಂತು. ಅಲ್ಲಿನ ಕಾನೂನಿನಂತೆ ಕಾಯಿಲೆ ಬಿದ್ದ ನೌಕರನ ಸಂಬಳದ ಹೊಣೆ ಎರಡು ವರ್ಷದವರೆಗೆ ಮಾಲೀಕನದು, ಹಾಗಾಗಿ ಈ ವಿಷಯದ ಬಗ್ಗೆ ಮಾಲೀಕರಿಗೂ ಆಸಕ್ತಿ ಹೆಚ್ಚು. ಯಾಕ್ ವಾನ್ ಡರ್ ಕ್ಲಿಂಕ್ ತಂಡ 2016ರ ಲೇಖನದಲ್ಲಿ ಅಮರ್ತ್ಯ ಸೇನ್ ಅವರ ಸಾಮರ್ಥ್ಯ ಚಿಂತನೆಯನ್ನು ತಂದು, ಮನುಷ್ಯನಿಗೆ ಬೆಲೆಯುಳ್ಳದ್ದೆನಿಸುವುದನ್ನು ಕೆಲಸದಲ್ಲಿ ಸಾಧಿಸಲು ನಿಜವಾದ ಅವಕಾಶ ಇದೆಯೇ ಎಂದು ಕೇಳಿತು. ಅವರು ಗುರುತಿಸಿದ ಏಳು ಮೌಲ್ಯಗಳು: ತಿಳಿದದ್ದನ್ನು ಬಳಸುವುದು, ಹೊಸದನ್ನು ಕಲಿಯುವುದು, ಮುಖ್ಯ ತೀರ್ಮಾನಗಳಲ್ಲಿ ಪಾಲ್ಗೊಳ್ಳುವುದು, ಅರ್ಥವುಳ್ಳ ಒಡನಾಟ, ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುವುದು, ಒಳ್ಳೆಯ ಆದಾಯ, ಬೆಲೆಯುಳ್ಳದ್ದಕ್ಕೆ ಕೊಡುಗೆ. ಬಂಗಾಳದ ಬರಗಾಲವನ್ನು ಕಂಡ ಅರ್ಥಶಾಸ್ತ್ರಜ್ಞನ ಚಿಂತನೆ ಡಚ್ ಕಚೇರಿಯ ಪ್ರಶ್ನಾವಳಿಯಾದದ್ದು ಸಣ್ಣ ಸಂಗತಿಯಲ್ಲ. ಹಾಗೆಂದು ಎಲ್ಲರೂ ಒಪ್ಪಲಿಲ್ಲ. ಕೆಲಸದ ಗುಣವನ್ನೂ ಕೆಲಸಗಾರನ ಸ್ಥಿತಿಯನ್ನೂ ಇದು ಮತ್ತೆ ಬೆರೆಸುತ್ತದೆ ಎಂಬ ಟೀಕೆ ಕೂಡಲೇ ಬಂತು.

ಇಷ್ಟೆಲ್ಲ ವಾದಗಳ ನಡುವೆ ಒಂದು ಕಾರ್ಖಾನೆ ಮಾಡಿ ತೋರಿಸಿತು. ಜರ್ಮನಿಯ ಡಿಂಗೊಲ್ಫಿಂಗ್‌ನ ಬಿಎಂಡಬ್ಲ್ಯು ಕಾರ್ಖಾನೆ 2007ರಲ್ಲಿ ಹತ್ತು ವರ್ಷ ಮುಂದಿನ ವಯಸ್ಸಿನ ಲೆಕ್ಕ ಹಾಕಿ, ಸರಾಸರಿ 47 ವರ್ಷದ ಕೆಲಸಗಾರರನ್ನೇ ಒಂದು ಉತ್ಪಾದನಾ ಸಾಲಿನಲ್ಲಿ ಕೂಡಿಸಿತು. ಅವರ ಸಲಹೆಯಂತೆಯೇ ಮರದ ನೆಲ, ಎತ್ತರ ಹೊಂದಿಸಬಹುದಾದ ಆಸನ, ಭೂತಗನ್ನಡಿ, ಪರದೆಯ ಮೇಲೆ ದಪ್ಪ ಅಕ್ಷರ, ಪಾಳಿಯ ನಡುವೆ ಕೆಲಸ ಅದಲುಬದಲು ಹೀಗೆ 70 ಸಣ್ಣ ಬದಲಾವಣೆ ಮಾಡಿತು. ಖರ್ಚು ಸುಮಾರು 40,000 ಯೂರೋ. ಒಂದು ವರ್ಷದಲ್ಲಿ ಉತ್ಪಾದಕತೆ 7 ಪ್ರತಿಶತ ಏರಿ, ಕಿರಿಯರ ಸಾಲುಗಳಿಗೆ ಸಮನಾಯಿತು.

ನಾಲ್ಕನೇ ಅಂತಸ್ತಿಗೆ ಮಾಲೀಕನಿಲ್ಲದಾಗ

ನಮ್ಮಲ್ಲಿ ಈ ಸಂಶೋಧನೆಯ ಆರಂಭ ಶ್ವಾಸಕೋಶದಿಂದ. ಭಾರತದ ಸಿಲಿಕೋಸಿಸ್ ವರದಿಗಳಲ್ಲಿ ಮೊದಲಿನವು 1940ರ ದಶಕದ ಕೋಲಾರದ ಚಿನ್ನದ ಗಣಿಗಳಿಂದ ಬಂದವು. ಕಲ್ಲಿನ ಧೂಳು ಕುಡಿದ ಎದೆಗಳು ಗಟ್ಟಿಯಾಗಿ, ದುಡಿಯುವ ಆಯುಷ್ಯವೇ ಮೊಟಕಾಗುತ್ತಿತ್ತು. 1966ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ಸಂಸ್ಥೆ ಈಗ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಅದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಧೂಳು, ಕೀಟನಾಶಕ, ಸದ್ದು, ಬಿಸಿಲು ಮುಂತಾದ ಅಪಾಯಗಳ ಅಧ್ಯಯನ ನಮ್ಮಲ್ಲಿ ಬೇರೂರಿದೆ. ಮನುಷ್ಯ ಎಷ್ಟು ಕಾಲ, ಎಂಥ ಸ್ಥಿತಿಯಲ್ಲಿ ದುಡಿಯಬಲ್ಲ ಎಂದು ದಶಕಗಟ್ಟಲೆ ಬೆನ್ನುಹತ್ತುವ ಅಧ್ಯಯನ ಎಳೆಯದು. 2017ರಲ್ಲಿ ಶುರುವಾದ ಭಾರತದ ವಯೋವೃದ್ಧರ ದೀರ್ಘಾವಧಿ ಅಧ್ಯಯನ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು ಒಳಗೊಂಡು ಈ ಕೊರತೆಯನ್ನು ತುಂಬತೊಡಗಿದೆ. 60 ದಾಟಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದಾರೆ ಎಂದು ಅದರ ಮೊದಲ ಸುತ್ತು ಹೇಳಿತು. ಫಿನ್ಲೆಂಡ್ ಸಾಧಿಸಲು ಹೆಣಗಿದ ದೀರ್ಘ ದುಡಿಮೆ ಇಲ್ಲಿ ತಾನಾಗಿಯೇ ಇದೆ, ಅದನ್ನು ಕೊಟ್ಟದ್ದು ಬಡತನ.

ಫಿನ್ಲೆಂಡ್‌ನ ಪಟ್ಟಿಯನ್ನು ಇಲ್ಲಿ ಹಾಗೆಯೇ ತುಂಬಿಸಿದರೆ ಏನಾಗುತ್ತದೆ? ಕಳೆದ ವರ್ಷ ಎಷ್ಟು ದಿನ ರಜೆ ಎಂಬ ಪ್ರಶ್ನೆಗೆ ಗಾರೆ ಕೆಲಸದವನ ಉತ್ತರ ಸೊನ್ನೆಯ ಹತ್ತಿರವೇ ಇರಬಹುದು. ರಜೆ ಹಾಕಿದ ದಿನ ಕೂಲಿಯಿಲ್ಲ. ವೈದ್ಯರು ಗುರುತಿಸಿದ ಕಾಯಿಲೆ ಎಷ್ಟು ಎಂದರೆ ಬೀಡಿ ಕಟ್ಟುವವಳು ಒಂದೂ ಇಲ್ಲ ಎನ್ನಬಹುದು, ಅವಳು ವೈದ್ಯರ ಬಳಿ ಹೋಗಿದ್ದರೆ ತಾನೇ. ಎರಡು ವರ್ಷದ ನಂತರವೂ ಈ ಕೆಲಸ ಮಾಡಬಲ್ಲಿರಾ ಎಂದರೆ, ಮಾಡದೆ ಗತಿಯೇನು ಎಂಬುದೇ ಉತ್ತರ. ಅಂಕಗಳು ಒಟ್ಟಾದಾಗ ಅವರು ಹೆಲ್ಸಿಂಕಿಯ ಗುಮಾಸ್ತರಿಗಿಂತ ಗಟ್ಟಿಮುಟ್ಟಾಗಿ ಕಂಡರೂ ಅಚ್ಚರಿಯಿಲ್ಲ. ಫಿನ್ಲೆಂಡ್‌ನ ತಾತ್ಕಾಲಿಕ ನೌಕರರ ಏರದ ರಜೆಯೂ ಇದನ್ನೇ ಸೂಚಿಸಿತ್ತು.

ಅದಕ್ಕಿಂತ ದೊಡ್ಡ ತೊಡಕು ನಾಲ್ಕನೇ ಅಂತಸ್ತಿನದು. ಈ ನಾಲ್ಕು ದಶಕಗಳ ಸಂಶೋಧನೆ ತೋರಿಸಿದ ಬಹುತೇಕ ಪ್ರತಿಯೊಂದು ಪರಿಹಾರವೂ ಒಬ್ಬ ಮಾಲೀಕನನ್ನು ಊಹಿಸಿಕೊಂಡಿದೆ: ಕೆಲಸದ ಜಾಗ ಬದಲಿಸುವವನು, ಅರ್ಧ ಹೊತ್ತಿನ ಕೆಲಸ ಕೊಡುವವನು, ಮೇಲ್ವಿಚಾರಕನಿಗೆ ಬುದ್ಧಿ ಹೇಳುವವನು. ನಮ್ಮ ದುಡಿಯುವವರಲ್ಲಿ ಹೆಚ್ಚಿನವರು ಅಸಂಘಟಿತ ವಲಯದವರು. ಸಂತೆಯ ಹಮಾಲಿಗೆ, ಮೇಸ್ತ್ರಿ ಕರೆದಲ್ಲಿಗೆ ಹೋಗುವ ಕೂಲಿಗೆ ಅಂಥವನು ಯಾರು? ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತನ್ನು ಆಡಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದರ ಹೊಣೆಯನ್ನು ಉದ್ಯೋಗದಾತನಿಗೇ ವಹಿಸುತ್ತದೆ.

ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳು ಇಲ್ಲಿ ಹೆಚ್ಚು ಹತ್ತಿರದ ಪಾಠ ಹೇಳುತ್ತವೆ. ನಿಕರಾಗುವ, ಎಲ್ ಸಾಲ್ವಡಾರ್‌ಗಳಲ್ಲಿ ಕಬ್ಬು ಕಡಿಯುವ ಯುವಕರು ಮೂತ್ರಪಿಂಡದ ಕಾಯಿಲೆಯಿಂದ ಸಾಯುತ್ತಿದ್ದರು. ಬಿಸಿಲಿನಲ್ಲಿ ಬಿಡುವಿಲ್ಲದ ದುಡಿಮೆ ಮುಖ್ಯ ಕಾರಣವೆಂದು ಸಂಶೋಧಕರು ಕಂಡುಕೊಂಡು, ನೀರು, ನೆರಳು, ಕಡ್ಡಾಯ ವಿಶ್ರಾಂತಿ ಎಂಬ ಮೂರರ ಕಾರ್ಯಕ್ರಮ ತಂದಾಗ ಮೂತ್ರಪಿಂಡದ ಹಾನಿ ತಗ್ಗಿತು. ಆದರೆ ವಿಶ್ರಾಂತಿಯ ತೊಡಕು ಕೂಲಿಯ ಲೆಕ್ಕದಲ್ಲಿದೆ. ಕಡಿದ ಟನ್ನಿಗೆ ಇಷ್ಟು ಎಂದು ಹಣ ಕೊಡುವ ಕಡೆ ನೆರಳಿನಲ್ಲಿ ಕೂತ ಪ್ರತಿ ನಿಮಿಷವೂ ನಷ್ಟ. ಕೂಲಿಯ ಬಗೆ ಬದಲಾಗದೆ ನೆರಳು ಮಾತ್ರ ಹಾಕಿಕೊಟ್ಟರೆ ಅದರಡಿ ಯಾರೂ ಕೂರುವುದಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಊಟದ ಪೊಟ್ಟಣ ಹೊತ್ತು ಓಡುವವರಿಗೂ ಇದೇ ಲೆಕ್ಕ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಮಹತ್ವದ್ದಾಗುವುದು ಈ ಕಾರಣಕ್ಕೆ. ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ 1ರಿಂದ 5 ಪ್ರತಿಶತದವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯುವ ಆ ಕಾಯ್ದೆ, ಮಾಲೀಕನಿಲ್ಲ ಎನ್ನುತ್ತಿದ್ದ ಕಡೆ ಹೊಣೆಗಾರನೊಬ್ಬನನ್ನು ಗುರುತಿಸಿತು. ಕಟ್ಟಡ ಕಾರ್ಮಿಕರ ಮಂಡಳಿಯೂ ಕಟ್ಟಡದ ವೆಚ್ಚದ ಮೇಲೆ ಬರುವ ಸೆಸ್‌ನಿಂದ ನಡೆಯುತ್ತದೆ. ಇಂಥ ಮಂಡಳಿಗಳ ಕೈಯಲ್ಲಿ ನೋಂದಾಯಿತ ಕಾರ್ಮಿಕರ ಪಟ್ಟಿ ಇದೆ, ಹಣವಿದೆ. ಇಲ್ಲಿಯವರೆಗೆ ಅವು ಹೆಚ್ಚಾಗಿ ಕಾಯಿಲೆ, ಅಪಘಾತ, ಸಾವು, ಮುಪ್ಪಿನ ಹೊತ್ತಿಗೆ ನೆರವು ಕೊಡುವ ಸಂಸ್ಥೆಗಳಾಗಿವೆ. ಅದೇ ಪಟ್ಟಿಯಿಂದ ಕೆಲವು ಸಾವಿರ ಜನರನ್ನು ಇಪ್ಪತ್ತು ವರ್ಷ ಅಧ್ಯಯನ ಮಾಡಿದರೆ, ಫಿನ್ಲೆಂಡ್‌ನ ಪಿಂಚಣಿ ಸಂಸ್ಥೆ 1981ರ ಅಧ್ಯಯನದಿಂದ ಪಡೆದ ಬೆಳಕು ನಮಗೂ ಸಿಗುತ್ತದೆ. ಆದರೆ ಆ ಅಧ್ಯಯನದ ಪ್ರಶ್ನೆಗಳು ಇಲ್ಲಿಯವೇ ಆಗಿರಬೇಕು: ಕೂಲಿ ಯಾವ ಲೆಕ್ಕದಲ್ಲಿ, ಬಿಡುವು ತೆಗೆದುಕೊಂಡರೆ ಎಷ್ಟು ನಷ್ಟ, ಬೆನ್ನು ಹಿಡಿದ ದಿನ ಹಗುರ ಕೆಲಸ ಕೊಡುವವರು ಯಾರಾದರೂ ಇದ್ದಾರೆಯೇ. ಇವನ್ನು ಕೇಳದ ಸಮೀಕ್ಷೆ ಕೆಲಸಗಾರನ ಮೈಯನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ, ಆ ಮೈ ಸವೆಯುವ ಕಾರಣವನ್ನು ಲೆಕ್ಕದಿಂದ ಹೊರಗೇ ಬಿಟ್ಟಿರುತ್ತದೆ.